ಕಡ್ಡಿಹುಳು ಕೆಳಗೆ ಬಿದ್ದಿದ್ದರೆ ಮೊದಲು ಎಲೆ ನೋಡಿ: ಕೊಡಗಿನ ಮನೆಗಳಿಗೊಂದು ದೋಷ ನಿವಾರಣೆ ಕೈಪಿಡಿ

ಕಡ್ಡಿಯಂತೆ, ಎಲೆಯಂತೆ ಕಾಣುವ, ಕೆಲವರು ಮನೆಯಲ್ಲಿ ಸಾಕುವ ಕಡ್ಡಿಹುಳು, ಎಲೆಹುಳುಗಳಿಗೆ ಹುಷಾರಿಲ್ಲದಾಗ ಕೊಡುವಂಥ ಮದ್ದು ಇಲ್ಲ. ಪಶು ಆಸ್ಪತ್ರೆಗೆ ಡಬ್ಬಿಯಲ್ಲಿ ಹಾಕಿಕೊಂಡು ಹೋದರೆ ಅಲ್ಲಿನವರು ಕುತೂಹಲದಿಂದ ನೋಡಿ ವಾಪಸ್ ಕಳಿಸುತ್ತಾರೆ, ಅಷ್ಟೇ. ನಮ್ಮ ಕೈಯಲ್ಲಿರುವುದು ಹುಳುವಿನ ಸುತ್ತಮುತ್ತಲಿನ ಸಂಗತಿಗಳು: ತಿನ್ನುವ ಎಲೆ, ಗೂಡಿನೊಳಗಿನ ಗಾಳಿ ಮತ್ತು ತೇವ, ನೇತಾಡಲು ಬೇಕಾದ ಎತ್ತರ. ತೊಂದರೆ ಬಂದಾಗ ಈ ಮೂರರಲ್ಲಿ ಎಲ್ಲಿ ಎಡವಟ್ಟಾಗಿದೆ ಅಂತ ಹುಡುಕುವುದೇ ಚಿಕಿತ್ಸೆ.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಚಳಿದೇಶದ, ಹೀಟರ್ ಹಾಕಿ ಒಣಗಿದ ಕೋಣೆಗಳಿಗಾಗಿ ಬರೆದವು. "ದಿನಾ ನೀರು ಚಿಮುಕಿಸಿ" ಅಂತ ಅವರು ಹೇಳುವುದು ಅವರಿಗೆ ಸರಿ. ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ, ಭಾಗಮಂಡಲ, ಮಡಿಕೇರಿ ಕಡೆ ಬಟ್ಟೆ ವಾರವಾದರೂ ಒಣಗದೆ, ಬೀರುವಿನೊಳಗಿನ ಬೆಲ್ಟಿಗೂ ಬೂಷ್ಟು ಹಿಡಿಯುವ ದಿನಗಳಲ್ಲಿ ಅದನ್ನೇ ಮಾಡಿದರೆ ಹುಳುಗಳು ಕೊಳೆತು ಸಾಯುತ್ತವೆ. ಅದೇ ಕುಶಾಲನಗರದಲ್ಲಿ ಮಾರ್ಚ್ ತಿಂಗಳಲ್ಲಿ ನೀರು ಚಿಮುಕಿಸದಿದ್ದರೆ ಪೊರೆ ಕಳಚಲಾಗದೆ ಸಾಯುತ್ತವೆ. ಹಾಗಾಗಿ ಯಾವ ಲಕ್ಷಣ ಕಂಡರೂ, ಈಗ ಯಾವ ತಿಂಗಳು, ನಿಮ್ಮ ಮನೆ ಕೊಡಗಿನ ಯಾವ ಮಗ್ಗುಲಲ್ಲಿದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ. ತೇವಾಂಶ ತೋರಿಸುವ ಸಣ್ಣ ಮೀಟರ್ ಒಂದನ್ನು ಗೂಡಿನ ಪಕ್ಕ ನೇತುಹಾಕಿಕೊಂಡರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ.

ಹೊಸಬರ ಕೈಗೆ ಸಾಮಾನ್ಯವಾಗಿ ಬರುವುದು ಎರಡು ಬಗೆ. ಒಂದು, ಕರಾಸಿಯಸ್ ಮೊರೊಸಸ್ ಎಂಬ ಕಡ್ಡಿಹುಳು. ತಮಿಳುನಾಡಿನ ಪಳನಿ ಬೆಟ್ಟಸಾಲಿನ ಶೆಂಬಗನೂರಿನಿಂದ ಹೋದ ಈ ಹುಳುವಿಗೆ 1901ರಲ್ಲಿ ಹೆಸರಿಡಲಾಯಿತು. ಇಂದು ಜಗತ್ತಿನ ಎಷ್ಟೋ ಪ್ರಯೋಗಾಲಯ, ಶಾಲೆಗಳಲ್ಲಿ ಇದೇ ಇದೆ. ಹೆಣ್ಣಿನ ಮುಂಗಾಲಿನ ಬುಡದಲ್ಲಿ, ಒಳಬದಿಗೆ, ಕುಂಕುಮದಂಥ ಕೆಂಪು ಇರುತ್ತದೆ. ಇನ್ನೊಂದು ಫಿಲಿಯಮ್ ಬಳಗದ ಎಲೆಹುಳು, ಪೇರಳೆ ಎಲೆಯ ನಡುವೆ ಕೂತರೆ ನಾವೇ ಹುಡುಕಬೇಕು. ಮೊದಲನೆಯದು ಸ್ವಲ್ಪ ಹೆಚ್ಚುಕಮ್ಮಿಯಾದರೂ ತಾಳಿಕೊಳ್ಳುತ್ತದೆ. ಎಲೆಹುಳು ಹಾಗಲ್ಲ, ಮೊದಲ ಸಲ ಸಾಕುವವರಿಗೆ ನಾನು ಅದನ್ನು ಹೇಳುವುದೇ ಇಲ್ಲ, ಆದರೂ ಎಲ್ಲರಿಗೂ ಬೇಕಾಗುವುದು ಅದೇ.

ಅಲುಗಾಡುತ್ತಿಲ್ಲ, ಸತ್ತಿದೆಯೇ?

ಹಗಲಲ್ಲಿ ಅಲುಗಾಡದೆ ಇರುವುದೇ ಇವುಗಳ ಕಸುಬು. ಮುಂಗಾಲು ಎರಡನ್ನೂ ತಲೆಯ ಮುಂದಕ್ಕೆ ಚಾಚಿ, ಮೀಸೆಯನ್ನು ಅವುಗಳ ನಡುವೆ ಸೇರಿಸಿಕೊಂಡು ಗಂಟೆಗಟ್ಟಲೆ ಇರುತ್ತವೆ. ಮುಟ್ಟಿದರೆ ಕಾಲನ್ನು ಮೈಗೆ ಅಂಟಿಸಿ ದೊಪ್ಪನೆ ಬಿದ್ದು ಹಾಗೇ ಬಿದ್ದಿರುತ್ತವೆ. ಇದನ್ನು ನೋಡಿ ಗಾಬರಿಯಾಗಿ ಜೀವಂತ ಹುಳುವನ್ನೇ ಕಸದ ಬುಟ್ಟಿಗೆ ಹಾಕಿದವರಿದ್ದಾರೆ.

ಖರ್ಚಿಲ್ಲದ ಪರೀಕ್ಷೆ: ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಸ್ವಲ್ಪ ಹೊತ್ತಿನ ಮೇಲೆ ಮಂದ ಟಾರ್ಚ್ ಹಿಡಿದು ನೋಡಿ. ಆರೋಗ್ಯವಾಗಿದ್ದರೆ ಓಡಾಡುತ್ತಲೋ ಮೇಯುತ್ತಲೋ ಇರುತ್ತದೆ. ಬೆಳಿಗ್ಗೆ ಗೂಡಿನ ತಳದಲ್ಲಿ ಒಣಗಿದ ಸಣ್ಣ ಹಿಕ್ಕೆ ಇದ್ದರೆ ಹೊಟ್ಟೆ ಕೆಲಸ ಮಾಡುತ್ತಿದೆ ಎಂದರ್ಥ. ಮೆಲ್ಲಗೆ ಬಾಯಿಯಿಂದ ಊದಿದರೆ ಹಲವು ಹುಳುಗಳು ಗಾಳಿಗೆ ಅಲ್ಲಾಡುವ ಕಡ್ಡಿಯ ಹಾಗೆ ತೂಗಾಡುತ್ತವೆ. ನಿಜವಾಗಿ ಸತ್ತಿದ್ದರೆ ಕೀಲುಗಳು ಜೋತುಬಿದ್ದು, ಹೊಟ್ಟೆ ಕಪ್ಪಾಗಿ, ಬೇಗನೆ ವಾಸನೆ ಬರುತ್ತದೆ.

ಪುತ್ತರಿ (ಸುಗ್ಗಿ ಹಬ್ಬ) ಕಳೆದ ಮೇಲಿನ ಚಳಿಯಲ್ಲಿ ಹುಳು ಮಂಕಾಗುವುದು ಸಹಜ. ಕಡ್ಡಿಹುಳುವಿಗೆ 18ರಿಂದ 25 ಡಿಗ್ರಿ ಹಿತ, ಎಲೆಹುಳುವಿಗೆ ಇನ್ನೂ ಸ್ವಲ್ಪ ಬೆಚ್ಚಗೆ ಬೇಕು. ಗೂಡನ್ನು ಹೊರ ಗೋಡೆಯಿಂದ ಒಳ ಕೋಣೆಗೆ ತಂದರೆ ಸಾಕು. ಬಚ್ಚಲ ಒಲೆಯ ಹತ್ತಿರವೋ ಅಡುಗೆಮನೆಯಲ್ಲೋ ಇಡಬೇಡಿ. ಹೊಗೆ ಚಳಿಗಿಂತ ಕೆಟ್ಟದ್ದು. ಬಲ್ಬ್ ಹಾಕಲೇಬೇಕಿದ್ದರೆ ಗೂಡಿನ ಹೊರಗೆ, ಬಲೆಗೆ ತಾಗದಷ್ಟು ದೂರದಲ್ಲಿ.

ರಾತ್ರಿ ಬಣ್ಣ ಕಪ್ಪಾಗಿ ಬೆಳಿಗ್ಗೆ ತಿಳಿಯಾದರೂ ಹೆದರಬೇಡಿ. ಕರಾಸಿಯಸ್ ಚರ್ಮದ ಜೀವಕೋಶಗಳಲ್ಲಿ ಬಣ್ಣದ ಕಣಗಳು ಮೇಲೆ ಕೆಳಗೆ ಸರಿದಾಡುವುದರಿಂದ ಹೀಗಾಗುತ್ತದೆ.

ಎಲೆ ಮುಟ್ಟುತ್ತಿಲ್ಲ

ಎಲೆಯ ಅಂಚಿನಲ್ಲಿ ಅರ್ಧಚಂದ್ರಾಕಾರದ ಕಡಿತ ಇದೆಯೇ ನೋಡಿ. ಹೊಸ ಎಲೆ ಹಾಕಿದಾಗ ಫೋನಿನಲ್ಲಿ ಒಂದು ಫೋಟೊ ತೆಗೆದಿಟ್ಟು ಮರುದಿನ ಹೋಲಿಸಿದರೆ ಅನುಮಾನ ಉಳಿಯುವುದಿಲ್ಲ. ದೊಡ್ಡ ಹುಳುವೊಂದು ಒಂದೆರಡು ದಿನ ತಿನ್ನದೆ, ಒಂದೇ ಕಡೆ ತಲೆಕೆಳಗಾಗಿ ನೇತಾಡುತ್ತಿದ್ದರೆ ಪೊರೆ ಬಿಡುವ ಸಮಯ ಬಂದಿದೆ. ಅದನ್ನು ಮುಟ್ಟಲೇಬೇಡಿ, ಗೂಡು ಚೊಕ್ಕ ಮಾಡುವ ಕೆಲಸವನ್ನೂ ಮುಂದೂಡಿ.

ಪೊರೆಯ ವಿಷಯವಲ್ಲದಿದ್ದರೆ ಎಲೆ ಬಾಡಿರಬೇಕು. ಕೊಂಬೆಯನ್ನು ನೀರಿನ ಬಾಟಲಿಯಲ್ಲಿ ನಿಲ್ಲಿಸಿ, ಬಾಯಿಯ ಸಂದಿಯನ್ನು ಹತ್ತಿಯಿಂದ ಬಿಗಿಯಾಗಿ ಮುಚ್ಚಿ. ಮುಚ್ಚದಿದ್ದರೆ ಮರಿಗಳು ಕೊಂಬೆಯುದ್ದಕ್ಕೂ ಇಳಿದು ನೀರಿಗೆ ಬೀಳುತ್ತವೆ. ತೀರಾ ಎಳೆಯ ಚಿಗುರು ಬೇಗ ಬಾಡುತ್ತದೆ, ಹಳದಿಯಾದ ಎಲೆಯಲ್ಲಿ ಸತ್ವವಿಲ್ಲ; ಬಲಿತು ಹಸಿರಾಗಿರುವ ಎಲೆಯೇ ಒಳ್ಳೆಯದು.

ಎಲೆ ತಾಜಾ ಇದ್ದೂ ತಿನ್ನದಿದ್ದರೆ ಅದರ ಜಾತಿ ಯೋಚಿಸಿ. ಕಡ್ಡಿಹುಳುವಿಗೆ ಗುಲಾಬಿ, ಬೇಲಿಯಲ್ಲಿ ಬೆಳೆಯುವ ಮುಳ್ಳಿನ ಕಾಡು ರಾಸ್ಬೆರಿ ಆಗುತ್ತದೆ. ಎಲೆಹುಳುವಿಗೆ ಪೇರಳೆ, ಮಾವು. ಗುಲಾಬಿ ತಿಂದು ಬೆಳೆದದ್ದು ಏಕಾಏಕಿ ಬೇರೆ ಎಲೆಗೆ ಒಗ್ಗುವುದಿಲ್ಲ, ಹಸಿದುಕೊಂಡೇ ಇದ್ದು ಸಾಯಲೂಬಹುದು. ನಿಮಗೆ ಹುಳು ಕೊಟ್ಟವರನ್ನು "ಏನು ಹಾಕುತ್ತಿದ್ದಿರಿ?" ಅಂತ ಕೇಳಿ. ಬದಲಾಯಿಸಲೇಬೇಕಿದ್ದರೆ ಹಳೆಯದು ಹೊಸದು ಎರಡನ್ನೂ ಕೆಲವು ದಿನ ಒಟ್ಟಿಗೆ ಇಡಿ. ಲಂಟಾನ ಎಲ್ಲೆಂದರಲ್ಲಿ ಸಿಗುತ್ತದೆ ಅಂತ ಅದನ್ನು ಹಾಕಬೇಡಿ.

ಎಲೆಹುಳುವಿನ ಮರಿಗಳದ್ದು ಬೇರೆಯೇ ಕತೆ. ಮೊಟ್ಟೆಯಿಂದ ಬಂದಾಗ ಹಸಿರಿರುವುದಿಲ್ಲ, ಕಂದುಗೆಂಪು ಬಣ್ಣ. ಮೊದಲ ಒಂದೆರಡು ದಿನ ತಿನ್ನದೆ ಗೂಡಿನ ತುಂಬ ಓಡಾಡುತ್ತಾ ಬೆಳಕಿನತ್ತ, ಮೇಲಕ್ಕೆ ಹತ್ತುತ್ತಿರುತ್ತವೆ. ಪೇರಳೆ ಎಲೆಯ ಗಟ್ಟಿ ಅಂಚನ್ನು ಅವುಗಳ ಪುಟ್ಟ ಬಾಯಿಗೆ ಕಚ್ಚಲು ಆಗುವುದಿಲ್ಲ. ಕತ್ತರಿಯಿಂದ ಎಲೆಯ ಸುತ್ತ ಅಂಚು ಕತ್ತರಿಸಿ, ಕೊಂಬೆಯನ್ನು ಗೂಡಿನ ಮೇಲ್ಭಾಗಕ್ಕೆ ತಾಗುವಂತೆ ಇಟ್ಟುಬಿಡಿ. ತಿನ್ನಲು ಶುರುಮಾಡಿದ ಮೇಲೆ ನಿಧಾನವಾಗಿ ಹಸಿರಾಗುತ್ತವೆ. ಒಂದೆರಡು ಮರಿ ಹೇಗೂ ಉಳಿಯುವುದಿಲ್ಲ, ಅದನ್ನು ನಿಮ್ಮ ತಪ್ಪೆಂದು ಹಚ್ಚಿಕೊಳ್ಳಬೇಡಿ.

ಒಂದಾದ ಮೇಲೊಂದು ಬೀಳುತ್ತಿವೆ, ಕಾಲು ನಡುಗುತ್ತಿದೆ

ನಿನ್ನೆ ಚೆನ್ನಾಗಿದ್ದವು ಇವತ್ತು ತಳದಲ್ಲಿ ಅಂಗಾತ ಬಿದ್ದು ಕಾಲು ಸೆಟೆದು ನಡುಗುತ್ತಿವೆ, ಕೆಲವುದರ ಬಾಯಿಂದ ಕಂದು ನೀರು ಬರುತ್ತಿದೆ. ಒಂದೇ ಹುಳುವಿಗೆ ಹೀಗಾದರೆ ಮುಪ್ಪೋ ಪೆಟ್ಟೋ ಇರಬಹುದು. ಹಲವಕ್ಕೆ ಒಟ್ಟಿಗೆ ಆದರೆ ಅದು ವಿಷ. ಕೊಡಗಿನಲ್ಲಿ ಈ ಅನುಮಾನ ಎಲ್ಲಕ್ಕಿಂತ ಮೊದಲು ಬರಬೇಕು, ಏಕೆಂದರೆ ನಾವು ಎಲೆ ಕೀಳುವುದು ತೋಟದಲ್ಲಿ, ತೋಟ ಅಂದ ಮೇಲೆ ಸ್ಪ್ರೇ ಇದ್ದದ್ದೇ.

ಕಾರಣ ಹುಡುಕುತ್ತಾ ಕೂರಬೇಡಿ. ಗೂಡಿನ ಎಲ್ಲ ಎಲೆ ತೆಗೆದು ಹೊರಗೆ ಹಾಕಿ, ಉಳಿದ ಹುಳುಗಳನ್ನು ಬೇರೆ ಕೋಣೆಗೆ, ಬೇರೆ ಡಬ್ಬಿಗೆ ಸಾಗಿಸಿ. ತಳದ ಕಾಗದ ಬದಲಿಸಿ, ಗೂಡನ್ನು ಬರೀ ನೀರಲ್ಲಿ ತೊಳೆಯಿರಿ. ನಂಬಿಕೆಯ ಜಾಗದ ಎಲೆ ಸಿಗುವವರೆಗೆ ಒಂದು ದಿನ ಉಪವಾಸವಿದ್ದರೂ ದೊಡ್ಡ ಹುಳುಗಳು ಸಾಯುವುದಿಲ್ಲ.

ಆಮೇಲೆ ಮನೆಯೊಳಗಿನಿಂದ ಹುಡುಕಾಟ ಶುರುಮಾಡಿ, ಅದು ಬಿಟ್ಟಿ ಕೆಲಸ. ಸೊಳ್ಳೆಗೆ ಪ್ಲಗ್ಗಿಗೆ ಹಾಕುವ ಲಿಕ್ವಿಡ್, ಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ, ಇರುವೆಗೆ ಗೀಚುವ ಸೀಮೆಸುಣ್ಣ, ಇವುಗಳಲ್ಲಿರುವುದು ಹೆಚ್ಚಾಗಿ ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಸೊಳ್ಳೆಗೂ ಕಡ್ಡಿಹುಳುವಿಗೂ ಅದು ಭೇದ ಮಾಡುವುದಿಲ್ಲ. ನಾಯಿಯ ಮೈಗೆ ಉಣುಗು ಸಾಯಿಸುವ ಪುಡಿಯೋ ಬೆನ್ನಿನ ಮೇಲೆ ಬಿಡುವ ಹನಿಮದ್ದೋ ಹಾಕಿದ ಕೈಯಲ್ಲಿ ಗೂಡು ಮುಟ್ಟಿದ್ದೀರಾ? ಸೊಳ್ಳೆಗೆ ಹಚ್ಚುವ ಕ್ರೀಮು? ಮಳೆಗಾಲದಲ್ಲಿ ಇನ್ನೂ ಒಂದು ಕೇಳಬೇಕು: ಎಲೆ ತರಲು ಹೋಗುವಾಗ ಇಂಬಳಕ್ಕೆಂದು (ಜಿಗಣೆ) ಕಾಲಿಗೆ ಹೊಗೆಸೊಪ್ಪಿನ ಪುಡಿ ತಿಕ್ಕಿಕೊಂಡಿದ್ದೀರಾ? ಹೊಗೆಸೊಪ್ಪಿನ ನಿಕೋಟಿನ್ ಸ್ವತಃ ಕೀಟನಾಶಕ. ಆ ಕೈಯನ್ನು ಸೋಪಿನಲ್ಲಿ ತೊಳೆಯದೆ ಎಲೆ ಕಿತ್ತರೆ ಹುಳು ಅದನ್ನೇ ತಿನ್ನುತ್ತದೆ.

ಮನೆಯೊಳಗೆ ಏನೂ ಇಲ್ಲವೆಂದಾದರೆ ತೋಟದ ಕಡೆ ತಿರುಗಿ. ಮುಂಗಾರಿಗೆ ಮೊದಲು, ಮತ್ತೆ ಮಳೆ ಬಿಡುವು ಕೊಟ್ಟಾಗ ಕಾಫಿಗೆ, ಮೆಣಸಿನ ಬಳ್ಳಿಗೆ, ಅಡಿಕೆಗೆ ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡಾ 1ರ ದ್ರಾವಣ ಅಂದರೆ 100 ಲೀಟರ್ ನೀರಿಗೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ. ಇದು ಎಲೆಯ ಮೇಲೆ ನೀಲಿಬಿಳಿ ಕಲೆಯಾಗಿ ಕಾಣುತ್ತದೆ, ಆದ್ದರಿಂದ ಬಿಟ್ಟುಬಿಡಲು ಸುಲಭ. ಕಣ್ಣಿಗೆ ಕಾಣದ್ದೇ ಅಪಾಯ. ಅರೇಬಿಕಾ ಕಾಫಿಯ ಕಾಂಡ ಕೊರೆಯುವ ಕೀಟ, ಬಿಳಿ ಕಾಂಡಕೊರಕ, ಹಾರಾಡುವುದು ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಆ ದಿನಗಳಲ್ಲಿ ಕಾಂಡಕ್ಕೆ ಕೀಟನಾಶಕ ಹೊಡೆಯುವುದುಂಟು. ಪಕ್ಕದ ಬೇಲಿಯ ಪೇರಳೆಗೆ ಯಾರೂ ಹೊಡೆದಿರುವುದಿಲ್ಲ, ಆದರೆ ಗಾಳಿ ಒಯ್ದಿರುತ್ತದೆ.

ಯಾವ ದಿನ ಎಲ್ಲಿ ಹೊಡೆದರು ಅಂತ ತೋಟದ ಮಾಲೀಕರಿಗಿಂತ ಲೆಕ್ಕ ನೋಡಿಕೊಳ್ಳುವ ರೈಟರಿಗೆ ಚೆನ್ನಾಗಿ ಗೊತ್ತಿರುತ್ತದೆ. "ಆ ಲೈನ್ ಮನೆ ಹಿಂದಿನ ಪೇರಳೆ ಕಡೆ ಏನಾದ್ರೂ ಹೊಡ್ದಿದ್ರಾ ಅಣ್ಣ?" ಅಂತ ಕೇಳಿದರೆ ನಕ್ಕುಕೊಂಡಾದರೂ ಹೇಳುತ್ತಾರೆ. ಕೇಳದೆ ಎಲೆ ತರಬೇಡಿ.

ನರ್ಸರಿಯಿಂದ ತಂದ ಗುಲಾಬಿ ಇನ್ನೂ ಮೋಸ. ಅದಕ್ಕೆ ಬೇರಿನಿಂದ ಹೀರಿ ಎಲೆಯೊಳಗೇ ಹರಡುವ ಔಷಧಿ ಹಾಕಿರಬಹುದು, ಅದು ಎಷ್ಟು ತೊಳೆದರೂ ಹೋಗುವುದಿಲ್ಲ. ಹೊಸ ಗಿಡವನ್ನು ಅಂಗಳದಲ್ಲಿ ನೆಟ್ಟು ತಿಂಗಳುಗಟ್ಟಲೆ ಬಿಟ್ಟು, ಆಮೇಲೆ ಬಂದ ಹೊಸ ಎಲೆಯನ್ನಷ್ಟೇ ಉಪಯೋಗಿಸಿ. ಯಾವುದೇ ಹೊಸ ಜಾಗದ ಎಲೆಯನ್ನು ಎಲ್ಲಕ್ಕೂ ಒಟ್ಟಿಗೆ ಹಾಕದೆ ಒಂದೇ ಹುಳುವಿಗೆ ಪ್ರತ್ಯೇಕ ಡಬ್ಬಿಯಲ್ಲಿ ಕೊಟ್ಟು ಎರಡು ದಿನ ಕಾಯುವುದು ನನ್ನ ಪದ್ಧತಿ. ಆ ಒಂದು ಹುಳುವಿನ ಮಟ್ಟಿಗೆ ಅದು ಅನ್ಯಾಯವೇ, ಬೇರೆ ದಾರಿ ನನಗೆ ಕಂಡಿಲ್ಲ.

ಎಲ್ಲದಕ್ಕಿಂತ ಒಳ್ಳೆಯದು ಹಿತ್ತಲಲ್ಲಿ ನಿಮ್ಮದೇ ಒಂದು ಪೇರಳೆ, ಎರಡು ನಾಟಿ ಗುಲಾಬಿ ಬೆಳೆಸುವುದು.

ಪೊರೆ ಅರ್ಧಕ್ಕೇ ಸಿಕ್ಕಿಕೊಂಡಿದೆ, ಮೈ ಸೊಟ್ಟಗಾಗಿದೆ

ಮರಿಯಿಂದ ದೊಡ್ಡದಾಗುವವರೆಗೆ ಹಲವು ಸಲ ಪೊರೆ ಬಿಡಬೇಕು. ಕಡ್ಡಿಹುಳುವಿನಲ್ಲಿ ಸಾಮಾನ್ಯವಾಗಿ ಆರು ಸಲ. ಹೆಚ್ಚಾಗಿ ರಾತ್ರಿಯೇ. ಹಿಂಗಾಲಿನ ಉಗುರನ್ನು ಬಲೆಗೆ ಸಿಕ್ಕಿಸಿ ತಲೆಕೆಳಗಾಗಿ ನೇತಾಡುತ್ತದೆ. ಬೆನ್ನಿನ ಮೇಲೆ, ತಲೆಯ ಹಿಂದೆ ಪೊರೆ ಸೀಳುತ್ತದೆ. ಮೊದಲು ಬೆನ್ನು ಉಬ್ಬಿ ಹೊರಬರುತ್ತದೆ, ಆಮೇಲೆ ತಲೆ, ಆಮೇಲೆ ಮೀಸೆ ಎರಡೂ ಒದ್ದೆ ನೂಲಿನಂತೆ ಜಾರಿ ಬಿಡುಗಡೆಯಾಗುತ್ತವೆ. ಕಾಲುಗಳದ್ದೇ ಕಷ್ಟ, ಹಳೆಯ ಕಾಲಿನ ಕೊಳವೆಯೊಳಗಿಂದ ಹೊಸ ಮೆತ್ತನೆಯ ಕಾಲನ್ನು ಇಷ್ಟಿಷ್ಟೇ ಎಳೆದು ತೆಗೆಯಬೇಕು. ಆರೂ ಕಾಲು ಹೊರಬಂದ ಮೇಲೆ ಹೊಟ್ಟೆಯ ತುದಿಯಲ್ಲಷ್ಟೇ ನೇತುಕೊಂಡು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ನಂತರ ಮೇಲಕ್ಕೆ ಬಾಗಿ ಬಲೆ ಹಿಡಿದು ಬಾಲವನ್ನೂ ಬಿಡಿಸಿಕೊಳ್ಳುತ್ತದೆ. ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ. ಬೆಳಿಗ್ಗೆ ಗೂಡಿನಲ್ಲಿ ಪೊರೆ ಕಾಣದಿದ್ದರೆ ಅದಕ್ಕೇ.

ಇಲ್ಲಿ ತಪ್ಪುವುದಕ್ಕೆ ಮುಖ್ಯ ಕಾರಣ ಎರಡು. ಮೊದಲನೆಯದು ಎತ್ತರ ಸಾಲದಿರುವುದು. ಗೂಡಿನ ಎತ್ತರ ಬೆಳೆದ ಹುಳುವಿನ ಉದ್ದದ ಮೂರು ಪಾಲು, ಅಗಲ ಎರಡು ಪಾಲು ಇರಲೇಬೇಕು. ಕರಾಸಿಯಸ್ ಹೆಣ್ಣು 8ರಿಂದ 10 ಸೆಂಟಿಮೀಟರ್ ಬೆಳೆಯುತ್ತದೆ, ಅಂದರೆ 30 ಸೆಂಟಿಮೀಟರ್ ಎತ್ತರಕ್ಕೆ ಕಡಿಮೆ ಬೇಡ. ಉಪ್ಪಿನಕಾಯಿ ಭರಣಿ, ಹಾರ್ಲಿಕ್ಸ್ ಬಾಟಲಿ ಎಲ್ಲ ಮರಿಗಳಿಗೆ ಮಾತ್ರ. ಮಡಚಿ ಇಡಬಹುದಾದ, ಸುತ್ತಲೂ ಬಲೆಯಿರುವ ಬಟ್ಟೆ ಬುಟ್ಟಿ ಸಿಗುತ್ತದಲ್ಲ, ಅದಕ್ಕೆ ಮೇಲೊಂದು ಸೊಳ್ಳೆಪರದೆ ತುಂಡು ಕಟ್ಟಿದರೆ ಒಳ್ಳೆಯ ಗೂಡಾಗುತ್ತದೆ. ನುಣುಪಾದ ಪ್ಲಾಸ್ಟಿಕ್ ಮುಚ್ಚಳವಾದರೆ ಉಗುರು ಹಿಡಿಯುವುದಿಲ್ಲ, ಒಳಬದಿಗೆ ಬಲೆ ಅಂಟಿಸಿ.

ಎರಡನೆಯದು ಒಣ ಗಾಳಿ. ಶಿವರಾತ್ರಿ ಹೊತ್ತಿಗೆ, ಕಾಫಿ ಹೂ ಅರಳಿಸುವ ಹೂಮಳೆ ಬರುವ ಮೊದಲು, ಕುಶಾಲನಗರ, ಸೋಮವಾರಪೇಟೆಯ ಪೂರ್ವದ ಕಡೆ ಗಾಳಿ ಒಣಗಿರುತ್ತದೆ. ಆಗ ಸಂಜೆ ಹೊತ್ತು ಗೂಡಿನ ಒಂದು ಬದಿಗೆ, ಎಲೆಗಳ ಮೇಲೆ, ಸಣ್ಣ ಸ್ಪ್ರೇಯರ್‌ನಿಂದ ನೀರು ಚಿಮುಕಿಸಿ. ಬೆಳಿಗ್ಗೆಯೊಳಗೆ ಆರಬೇಕು, ಅಷ್ಟೇ ಪ್ರಮಾಣ. ಮಡಿಕೇರಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇಯರ್ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಈಗಾಗಲೇ ಸಿಕ್ಕಿಕೊಂಡಿದೆ, ಏನು ಮಾಡುವುದು? ಪೊರೆ ಸೀಳಿ ಒಂದು ಗಂಟೆಯಾಗಿಲ್ಲವಾದರೆ ಏನೂ ಮಾಡಬೇಡಿ. ಅದಕ್ಕಿಂತ ಹೆಚ್ಚಾಗಿ, ಮುಂದುವರಿಯದೇ ಇದ್ದರೆ ಸುತ್ತ ತೇವ ಮಾಡಿ. ಅಂಟಿದ ಜಾಗಕ್ಕೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಪೇಂಟ್ ಬ್ರಷ್ ಸವರಿ. ಚಿಮಟದಿಂದ ಎಳೆಯಬೇಡಿ, ಹೊಸ ಚರ್ಮ ಹಸಿಹಸಿ ಇರುತ್ತದೆ. ಪೊರೆಯ ಸಮೇತ ಕೆಳಗೆ ಬಿದ್ದಿದ್ದರೆ, ಹಳೆಯ ಪೊರೆಯ ತುದಿಯನ್ನು ಬಟ್ಟೆ ಕ್ಲಿಪ್ಪಿನಿಂದ ಗೂಡಿನ ಮೇಲ್ಭಾಗಕ್ಕೆ ಸಿಕ್ಕಿಸಿ ಹುಳು ಮತ್ತೆ ತಲೆಕೆಳಗಾಗಿ ನೇತಾಡುವಂತೆ ಮಾಡಿ. ಭೂಮಿಯ ಸೆಳೆತವೇ ಅದಕ್ಕೆ ಬೇಕಾದ ಸಹಾಯ.

ಒಂದು ಕಾಲು ಮಾತ್ರ ಒಳಗೆ ಉಳಿದರೆ ಹೆಚ್ಚಾಗಿ ಹುಳುವೇ ಆ ಕಾಲನ್ನು ಬಿಟ್ಟು ಬರುತ್ತದೆ. ಮೈ ಬಾಗಿ ಗಟ್ಟಿಯಾಗಿಬಿಟ್ಟರೆ ನೇರ ಮಾಡಲಾಗುವುದಿಲ್ಲ, ಆದರೂ ತಿನ್ನುತ್ತಾ ಓಡಾಡುತ್ತಿದ್ದರೆ ಬದುಕಲು ಬಿಡಿ, ಮುಂದಿನ ಪೊರೆಗೆ ಸುಧಾರಿಸೀತು. ಬಾಯಿ ಅಥವಾ ತಲೆಯೇ ಹೊರಬಾರದೆ ದಿನ ಕಳೆದರೆ ಇನ್ನು ಎಳೆದಾಡಬೇಡಿ. ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿಡುವುದೇ ಅದಕ್ಕೆ ತೋರುವ ದಯೆ.

ಕಾಲು ಕಳಚಿ ಬಿದ್ದಿದೆ

ಶತ್ರು ಹಿಡಿದಾಗ ಕಾಲು ಬಿಟ್ಟು ಓಡುವುದು ಇವುಗಳ ಹುಟ್ಟುಗುಣ. ಮೈಗೆ ಹತ್ತಿರದ ಗೊತ್ತಾದ ಕೀಲಿನಲ್ಲೇ ಕಳಚುತ್ತದೆ, ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ. ಮರಿಯಾದರೆ ಮುಂದಿನ ಪೊರೆಗಳಲ್ಲಿ ಮೊದಲು ಸುರುಳಿಯಾದ ಪುಟ್ಟ ಕಾಲು, ಆಮೇಲೆ ಸ್ವಲ್ಪ ಗಿಡ್ಡವಾದರೂ ಕೆಲಸಕ್ಕೆ ಬರುವ ಕಾಲು ಬೆಳೆಯುತ್ತದೆ. ಮೀಸೆ ಬುಡದಲ್ಲಿ ತುಂಡಾದರೆ ಆ ಜಾಗದಲ್ಲಿ ಮೀಸೆಯ ಬದಲು ಕಾಲಿನಂಥದ್ದೇ ಬೆಳೆಯುವುದೂ ಉಂಟು. ಕರಾಸಿಯಸ್‌ನಲ್ಲಿ ವಿಜ್ಞಾನಿಗಳು ಇದನ್ನು ಬಹಳ ಹಿಂದೆಯೇ ಗಮನಿಸಿದ್ದಾರೆ. ದೊಡ್ಡದಾದ ಮೇಲೆ ಪೊರೆ ಬಿಡುವುದು ನಿಲ್ಲುತ್ತದೆ, ಆಗ ಹೋದ ಕಾಲು ಹೋಯಿತು.

ಕೀಲಲ್ಲದ ಕಡೆ ಮುರಿದು ಹಸಿರು ರಸ ಜಿನುಗುತ್ತಿದ್ದರೆ ಒಂದು ಚಿಟಿಕೆ ಕಾರ್ನ್‌ಫ್ಲೋರ್ ಒತ್ತಿ. ಅರಿಶಿನ ಬೇಡ, ಮುಲಾಮು ಬೇಡ.

ಪದೇ ಪದೇ ಕಾಲು ಹೋಗುತ್ತಿದ್ದರೆ ಯಾರೋ ಎತ್ತುತ್ತಿದ್ದಾರೆ. ಮನೆಯ ಮಕ್ಕಳಿಗೆ, ಮಕ್ಕಳಿಗಿಂತ ಹೆಚ್ಚಾಗಿ ನೋಡಲು ಬಂದ ನೆಂಟರಿಗೆ, ಬೆರಳಿಂದ ಹಿಡಿಯದೆ ಅಂಗೈ ಮುಂದಿಟ್ಟು ಅದೇ ನಡೆದು ಬರುವಂತೆ ಬಿಡಲು ಹೇಳಿಕೊಡಿ. ಬಲೆಯಿಂದ ಎಳೆದು ಬಿಡಿಸುವಾಗಲೇ ಹೆಚ್ಚು ಕಾಲು ಹೋಗುವುದು.

ಹಿಕ್ಕೆ ನೀರಾಗಿದೆ, ಗೂಡಿನಲ್ಲಿ ವಾಸನೆ, ಮೈಮೇಲೆ ಕಪ್ಪು ಮಚ್ಚೆ

ಇದು ಮಳೆಗಾಲದ ರೋಗ. ಒದ್ದೆ ಎಲೆ, ಓಡಾಡದ ಗಾಳಿ, ತಳದಲ್ಲಿ ಕೊಳೆಯುತ್ತಿರುವ ಹಿಕ್ಕೆ. ಎಲೆಯನ್ನು ತಂದ ಕೂಡಲೇ ಹಾಕದೆ ನೀರು ಕೊಡವಿ, ಬಟ್ಟೆಯಲ್ಲಿ ಒರೆಸಿ ಆರಲು ಬಿಡಿ. ತಳಕ್ಕೆ ಪೇಪರ್ ಹಾಸಿ ಎರಡು ದಿನಕ್ಕೊಮ್ಮೆ ಬದಲಿಸಿ. ಗಾಜಿನ ಟ್ಯಾಂಕ್‌ನಲ್ಲಿದ್ದರೆ ಬಲೆಯ ಗೂಡಿಗೆ ಬದಲಿಸಿ. ಕೋಣೆಯ ಫ್ಯಾನ್ ಸಣ್ಣಗೆ ತಿರುಗಲಿ, ಗೂಡಿಗೆ ನೇರ ಬೀಸದಂತೆ. ಫಿನಾಯಿಲ್ ಹಾಕಿ ಗೂಡು ತೊಳೆಯಬೇಡಿ.

ಹಿಕ್ಕೆ ಮತ್ತೆ ಒಣಗಿ ಉದುರುವ ಕಾಳಿನಂತಾದರೆ ಗೆದ್ದಿರಿ. ಕಪ್ಪು ಮಚ್ಚೆ ಒಣಗಿ ಗಟ್ಟಿಯಾಗಿದ್ದರೆ ಹಳೆಯ ಗಾಯದ ಗುರುತು, ಬಿಟ್ಟುಬಿಡಿ. ಮೆತ್ತಗಾಗಿ ಹರಡುತ್ತಿದ್ದರೆ ಆ ಹುಳುವನ್ನು ಬೇರ್ಪಡಿಸಿ, ಉಳಿದವನ್ನು ಮುಟ್ಟುವ ಮೊದಲು ಕೈ ತೊಳೆಯಿರಿ. ಅದು ಉಳಿಯುವ ಭರವಸೆ ಕಡಿಮೆ.

ಬೇಲಿಯಿಂದ ಹಿಡಿದು ತಂದ ಹುಳುವಾದರೆ ಒಳಗೇ ಪರಾವಲಂಬಿ ಇರಬಹುದು. ಉದ್ದನೆಯ ದಾರದಂಥ ಬಿಳಿ ಹುಳು ಹೊಟ್ಟೆ ಸೀಳಿ ಬಂದರೆ ಅದೇ. ನೋಡಲು ಅಸಹ್ಯ, ನಿಮ್ಮಿಂದಾದದ್ದೇನೂ ಅಲ್ಲ, ಮಾಡುವಂಥದ್ದೂ ಇಲ್ಲ.

ಎಲೆಹುಳುವಿನ ಅಂಚು ಹರಿದು ಕಂದಾಗಿದೆ

ಪಕ್ಕದ್ದು ಎಲೆ ಅಂತ ತಿಳಿದು ಕಚ್ಚಿದೆ. ಗೂಡಿನಲ್ಲಿ ಹೆಚ್ಚು ಹುಳು, ಕಡಿಮೆ ಎಲೆ, ಅಥವಾ ಎಲೆ ಒಣಗಿದೆ. ಎಲೆ ಹೆಚ್ಚಿಸಿ, ಸಂಖ್ಯೆ ಇಳಿಸಿ.

ಎಣಿಸಿದರೆ ಕಡಿಮೆ ಇವೆ

ಮೊದಲು ಇನ್ನೊಮ್ಮೆ ಎಣಿಸಿ. ಹಳೆಯ ಕೊಂಬೆ ಎಸೆಯುವಾಗ ಅದರ ಜೊತೆ ಹೋಗಿರಬಹುದು. ಎಸೆಯುವ ಮುನ್ನ ಪ್ರತಿ ಎಲೆಯನ್ನೂ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಾಟಲಿಯ ನೀರು ನೋಡಿ. ಇರುವೆ ಸಾಲು ಇದ್ದರೆ ಸ್ಟೂಲಿನ ನಾಲ್ಕು ಕಾಲನ್ನೂ ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಿಸಿ ಅದರ ಮೇಲೆ ಗೂಡಿಡಿ, ಗೂಡು ಗೋಡೆಗೆ ತಾಗದಿರಲಿ. ಹಲ್ಲಿಗೆ ಸಣ್ಣ ಸಂದಿಯೂ ಸಾಕು.

ತಪ್ಪದೆ ನೋಡಬೇಕಾದ ಇನ್ನೊಂದು: ನೀವು ತಂದ ಹುಳುಗಳಲ್ಲಿ ಒಂದು ಮ್ಯಾಂಟಿಸ್ ಆಗಿರಬಹುದೇ? ತ್ರಿಕೋನ ತಲೆ ಅತ್ತಿತ್ತ ತಿರುಗಿಸಿ ನಿಮ್ಮನ್ನೇ ನೋಡುತ್ತಿದ್ದರೆ, ಮುಂಗಾಲು ಮುಳ್ಳಿನ ಕುಡುಗೋಲಿನಂತೆ ಮಡಚಿಕೊಂಡಿದ್ದರೆ ಅದು ಎಲೆ ತಿನ್ನುವುದಿಲ್ಲ, ಉಳಿದವನ್ನು ತಿನ್ನುತ್ತಿದೆ.

ಎಲೆಹುಳುವಿನ ಗಂಡು ರೆಕ್ಕೆ ಬಂದ ಮೇಲೆ ಕೆಲವೇ ವಾರ ಬದುಕುತ್ತದೆ. ಅದು ಸಾಯುವುದು ಆಯಸ್ಸು ಮುಗಿದು.

ಮೊಟ್ಟೆ ಒಡೆಯುತ್ತಿಲ್ಲ

ಬೀಜದ ಹಾಗೆ ಕಾಣುವ ಮೊಟ್ಟೆಗಳು ಟಪ್ ಟಪ್ ಅಂತ ತಳಕ್ಕೆ ಬೀಳುತ್ತಿರುತ್ತವೆ. ಕರಾಸಿಯಸ್ ಹೆಣ್ಣಿಗೆ ಗಂಡು ಬೇಕಿಲ್ಲ, ಒಂಟಿಯಾಗಿ ಇಟ್ಟ ಮೊಟ್ಟೆಯೂ ಮರಿಯಾಗುತ್ತದೆ. ಅದಕ್ಕೆ ಕೆಲವು ತಿಂಗಳು ಬೇಕು, ಕೆಲವು ಜಾತಿಗಳಿಗೆ ವರ್ಷವೂ ಆಗುತ್ತದೆ. ಹೆಚ್ಚಿನವರ ಮೊಟ್ಟೆಗೆ ಏನೂ ಆಗಿರುವುದಿಲ್ಲ, ತಾಳ್ಮೆ ಮುಗಿದಿರುತ್ತದೆ.

ನೆಗ್ಗಿ ಒಳಸರಿದ ಮೊಟ್ಟೆ ಸತ್ತದ್ದು. ಬಿಳಿ ಬೂಷ್ಟು ಬಂದಿದ್ದರೆ ಒಣ ಬ್ರಷ್‌ನಿಂದ ಒರೆಸಿ, ಹೊಸ ಒಣ ಮರಳಿನ ಮೇಲೆ ಇಟ್ಟು ಡಬ್ಬಿಯ ಮುಚ್ಚಳಕ್ಕೆ ಇನ್ನಷ್ಟು ತೂತು ಮಾಡಿ. ಬೇಸಿಗೆಯಲ್ಲಿ ಮರಳಿನ ಒಂದು ಮೂಲೆ ಮಾತ್ರ ತೇವವಿರಲಿ. ಒಡೆದ ಮೊಟ್ಟೆಗೆ ಒಂದು ತುದಿಯಲ್ಲಿ ಮುಚ್ಚಳ ನೀಟಾಗಿ ತೆರೆದಿರುತ್ತದೆ. ಬದಿಯಲ್ಲಿ ಕೊರೆದ ತೂತಿದ್ದರೆ ಪರಾವಲಂಬಿ ಕಣಜ ಹೊರಬಂದಿದೆ.

ಇಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ಕೇಳಿ

ಕೆಲವು ಜಾತಿಯ ಕಡ್ಡಿಹುಳುಗಳು ಹೆದರಿದಾಗ ಕಣ್ಣು ಉರಿಸುವ ದ್ರವ ಚಿಮ್ಮಿಸುತ್ತವೆ, ಮುಳ್ಳಿರುವ ದೊಡ್ಡವು ಹಿಂಗಾಲಿನಿಂದ ಹಿಸುಕುತ್ತವೆ. ಜಾತಿ ಗೊತ್ತಿಲ್ಲದ ಹುಳುವನ್ನು ಮುಖದ ಹತ್ತಿರ ತರಬೇಡಿ, ಮಕ್ಕಳ ಕೈಗೆ ಕೊಡಬೇಡಿ. ಕಣ್ಣಿಗೆ ಬಿದ್ದರೆ ಉಜ್ಜದೆ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ಸ್ಪ್ರೇ ಹೊಡೆದ ಎಲೆ ಕಿತ್ತ ಮೇಲೆ ನಿಮಗೇ ತಲೆಸುತ್ತು, ವಾಕರಿಕೆ, ಅತಿಯಾದ ಬೆವರು, ಮಂಜುಗಣ್ಣು ಬಂದರೆ ಹುಳುವಿನ ಚಿಂತೆ ಬಿಟ್ಟು ತಕ್ಷಣ ಡಾಕ್ಟರ ಹತ್ತಿರ ಹೋಗಿ, ಸಾಧ್ಯವಾದರೆ ಔಷಧಿಯ ಡಬ್ಬಿಯನ್ನೋ ಅದರ ಹೆಸರನ್ನೋ ಒಯ್ಯಿರಿ.

ಎಲೆ, ಗಾಳಿ, ಎತ್ತರ ಮೂರನ್ನೂ ಸರಿಪಡಿಸಿದ ಮೇಲೂ ವಾರಗಟ್ಟಲೆ ಸಾಯುತ್ತಲೇ ಇದ್ದರೆ ಹೊಸ ಪ್ರಯೋಗ ಮಾಡುತ್ತಾ ಹೋಗಬೇಡಿ. ಸತ್ತ ಹುಳು, ತಿಂದ ಎಲೆ, ಗೂಡಿನ ಫೋಟೊ ಇಟ್ಟುಕೊಂಡು ಕೀಟಶಾಸ್ತ್ರ ಓದಿದವರನ್ನು ಕೇಳಿ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ.

ನಾಗರಹೊಳೆ ರಾಷ್ಟ್ರೀಯ ಉದ್ಯಾನ ಮತ್ತು ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯಗಳ ಒಳಗಿಂದ ಅನುಮತಿಯಿಲ್ಲದೆ ಹುಳು ಹಿಡಿದು ತರುವುದು ಅಪರಾಧ. ಸಾಕಲು ಬೇಜಾರಾದಾಗ, ಅಥವಾ ಮೊಟ್ಟೆ ಹೆಚ್ಚಾದಾಗ, ಬೇರೆ ಊರಿಂದ ಬಂದ ಜಾತಿಯನ್ನು ತೋಟಕ್ಕೆ ಬಿಡಬೇಡಿ. ಕರಾಸಿಯಸ್ ಹೀಗೇ ತಪ್ಪಿಸಿಕೊಂಡು ಕ್ಯಾಲಿಫೋರ್ನಿಯಾದಲ್ಲಿ ನೆಲೆಯೂರಿದೆ, ಒಂದೇ ಹೆಣ್ಣು ಸಾಕು ಸಂಸಾರ ಹೂಡಲು. ಬೇಡದ ಮೊಟ್ಟೆಯನ್ನೂ, ಮೊಟ್ಟೆ ಬೆರೆತ ಹಿಕ್ಕೆಯನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿ ಮೂರ್ನಾಲ್ಕು ದಿನ ಇಟ್ಟು ಆಮೇಲೆ ಎಸೆಯಿರಿ. ಚೀಲದ ಮೇಲೆ ಏನಿದೆ ಅಂತ ಬರೆದಿಡಿ, ಮನೆಯವರು ಕಾಳುಮೆಣಸು ಅಂದುಕೊಂಡಾರು.